ಸೀಸದ ಹತ್ತು ಕಾಳು

ಆಂಡರ್ಸನ್‌ಪೇಟೆಯ ನನ್ನ ವೆಲ್ಡಿಂಗ್ ಅಂಗಡಿಗೆ
ಆರೋಕ್ಯಮೇರಿ ಬಂದದ್ದು ಬುಧವಾರ, ಕರೆಂಟಿಲ್ಲದ ಹೊತ್ತಲ್ಲಿ.
ಗೇಟಿಗಲ್ಲ, ಕಿಟಕಿಗಲ್ಲ.
ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನ ಚಿತ್ರ:
ಒಂದು ಪೀಪಾಯಿ, ಒಂದು ಹಿಡಿ, ಕೆಳಗೆ ಇಳಿಜಾರು ತಗಡು.
"ಜಲ್ಲಿ ಬೇರೆ, ಮರಳು ಬೇರೆ ಆಗಬೇಕು ಪಾಷಾ.
ಮೊಪೆಡ್ಡಿನ ಹಿಂದೆ ಕೂರಬೇಕು.
ಸೊಂಟ ಹೋಗಿದೆ, ಹದಿನಾಲ್ಕು ಕೇಜಿ ಮೀರಬಾರದು."

ಹಳ್ಳದಲ್ಲಿ ಏನಿದೆ ಅಂತ ಕೇಳಿದೆ.
"ಹಳ್ಳ ಇದೆ" ಅಂದಳು.

ಗುಜರಿಯ ಮುನಿಕದಿರಪ್ಪ ತೂಕದ ಲೆಕ್ಕಕ್ಕೆ ಕೊಟ್ಟ
ಸತ್ತ ವಾಷಿಂಗ್ ಮಷೀನಿನ ಸ್ಟೀಲ್ ಡ್ರಮ್ಮು.
ಯಾರ ಯಾರ ಬೆವರು ತೊಳೆದಿತ್ತೋ,
ಅಂಗಿ ಗುಂಡಿಯೊಂದು ಒಳಗೇ ಸಿಕ್ಕಿಕೊಂಡು ಗಲಗಲ.
ತೂತುಗಳು ಆಗಲೇ ಇದ್ದವು, ಜೋಳದ ಕಾಳಿನಷ್ಟು.
ಸೈಕಲ್ ಪೆಡಲು ಹಿಡಿಯಾಯಿತು,
ಬೇರಿಂಗು ಲೂನಾದ್ದು, ಕಾಲುಗಳು ಮಡಚುವ ಮಂಚದವು.
ತೂಕ ಹಾಕಿದರೆ ಹದಿನಾರು.
ಗೇಟು ಮಾಡುವವನಿಗೆ ಭಾರವೇ ಮರ್ಯಾದೆ;
ಎರಡು ಕೇಜಿ ಮರ್ಯಾದೆ ಕಳೆಯಲು
ಒಂದು ಹಗಲು ಗ್ರೈಂಡರ್ ಹಿಡಿದೆ.

ತಗಡಿಗೆ ರಬ್ಬರ್ ಮ್ಯಾಟ್ ಹಾಕುತ್ತೇನೆ ಅಂದರೆ
ಚೀಲದಿಂದ ತೆಗೆದಳು ಅರ್ಧ ಕಂಬಳಿ,
ಕರಿ ಕುರಿಯದು, ಇನ್ನೂ ಗಂಜಿಯ ವಾಸನೆಯದು.
"ಮಿಲ್ಲಿನಲ್ಲಿ ನಮ್ಮಪ್ಪ ಇಂಥದ್ದರ ಮೇಲೇ ನೀರು ಹರಿಸುತ್ತಿದ್ದ.
ಸಂಜೆಗೆ ಕಂಬಳಿ ಕಂಪನಿದು, ಕೆಮ್ಮು ಅವನದು."

ಅಕ್ಕಿ ಗಾಳಿಸುವುದು ನೋಡಿದ್ದೀಯಲ್ಲ, ಅಂತ
ನನ್ನ ಊಟದ ತಟ್ಟೆಯಲ್ಲೇ ಪಾಠ.
ಹಗುರದ್ದು ಅಂಚು ದಾಟುತ್ತದೆ,
ಭಾರದ್ದು ತಳ ಹಿಡಿಯುತ್ತದೆ, ನೀನು ಅವಸರ ಮಾಡದಿದ್ದರೆ.
"ನಲವತ್ತು ವರ್ಷ ತಳದಲ್ಲಿ ನಿಂತದ್ದನ್ನೆಲ್ಲ
ಕಲ್ಲು ಅಂತ ಹಿತ್ತಿಲಿಗೆ ಎಸೆದೆ.
ಈಗ ಅಕ್ಕಿ ಚೆಲ್ಲಿ ಕಲ್ಲು ಇಟ್ಟುಕೊಳ್ಳುವ ಕೆಲಸ."

ಶನಿವಾರ ಪರೀಕ್ಷೆ.
ಮೀನುಗಾಳದ ಸೀಸ ತುಂಡರಿಸಿ
ಸುತ್ತಿಗೆಯಲ್ಲಿ ತಟ್ಟಿದೆ, ಸಾಸಿವೆಯಷ್ಟು, ಹತ್ತು.
ಸೀಸ ನಿಂತರೆ ಚಿನ್ನವೂ ನಿಲ್ಲುತ್ತದಂತೆ,
ಅದು ಇನ್ನೂ ಸೋಮಾರಿ.
ಎರಡು ಬಾಂಡಲಿ ಮಣ್ಣಿಗೆ ಬೆರೆಸಿ ಸುರಿದೆವು.
ಹಿಡಿ ಅವಳದು, ಮಗ್ಗು ನನ್ನದು.
ಗರಗರ ಗರಗರ, ಬೀದಿ ನಾಯಿ ಎದ್ದು ಹೋಯಿತು.
ಡ್ರಮ್ಮಿನ ಬಾಯಿಂದ ಜಲ್ಲಿ ಉದುರಿತು
ಮುಖ ತೊಳೆದು ಸ್ಕೂಲಿಗೆ ಹೊರಟ ಮಕ್ಕಳ ಹಾಗೆ.
ಕಂಬಳಿ ಹಿಂಡಿ, ತಟ್ಟೆಯಲ್ಲಿ ಗಾಳಿಸಿ,
ಉಗುರ ತುದಿಯಲ್ಲಿ ಎಣಿಸಿದಳು.
ಒಂಬತ್ತು.

ಮತ್ತೆ ಎಣಿಸಿದಳು.
ಡ್ರಮ್ಮು ಬೋರಲು ಹಾಕಿ ಚಪ್ಪಲಿಯಲ್ಲಿ ಬಾರಿಸಿದೆ.
ಬಿದ್ದದ್ದು ಅದೇ ಅಂಗಿ ಗುಂಡಿ.
"ಬಿಡು. ಹತ್ತಕ್ಕೆ ಒಂದು ತಿಂದಿದೆ.
ಕಂಪನಿ ಹತ್ತೂ ತಿನ್ನುತ್ತಿತ್ತು."
ಗುಂಡಿಯನ್ನು ಸೆರಗಿಗೆ ಕಟ್ಟಿಕೊಂಡು
ಬೇತಮಂಗಲದ ದಾರಿ ಹಿಡಿದಳು.
ಸೈನೈಡ್ ದಿಬ್ಬದ ತಿರುವಿನವರೆಗೂ
ಮೊಪೆಡ್ಡಿಗಿಂತ ಡ್ರಮ್ಮಿನ ಸದ್ದೇ ಜೋರು.

ರಾತ್ರಿ ಶಟರ್ ಅರ್ಧ ಎಳೆದು
ಕಸ ಗುಡಿಸಿದವನು ಕಸ ಎಸೆಯಲಿಲ್ಲ.
ಬಾಂಡಲಿಗೆ ಸುರಿದು ನೀರು ಹುಯ್ದೆ.
ವೆಲ್ಡಿಂಗಿನ ಕಿಟ್ಟ, ಕಬ್ಬಿಣದ ಪುಡಿ, ಬೀಡಿಯ ತುಂಡು,
ಸುತ್ತಿಸಿ ಚೆಲ್ಲಿದೆ. ಮತ್ತೆ ನೀರು.
ಹೆಂಡತಿ ಎರಡು ಸಲ ಫೋನು ಮಾಡಿದಳು.
ಏನೋ ಕಳೆದಿದೆ ಅಂದೆ.
ಎಷ್ಟರದ್ದು ಅಂದಳು.
ಹೇಳಲಿಕ್ಕೆ ಬರಲಿಲ್ಲ.

ಹನ್ನೊಂದು ದಾಟಿದ ಮೇಲೆ, ನಾಲ್ಕನೆಯ ನೀರಿಗೆ,
ಕಪ್ಪು ಪುಡಿಯ ನಡುವೆ ಒಂದು ಬೂದು ಚುಕ್ಕೆ
ಕದಲದೆ ಕೂತಿತ್ತು, ಅವಳು ಹೇಳಿದ ಜಾಗದಲ್ಲೇ.
ಟಾರ್ಚು ಹಿಡಿದು ಬಗ್ಗಿದೆ.
ಯಾವಾಗಿನಿಂದಲೋ ಏನೋ,
ಉಸಿರು ಬಿಗಿಹಿಡಿದಿದ್ದೆ.